ಮೂರು ಮಡಿಕೆ ಕೌದಿ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ನನ್ನ ಆಪ್ತಸಲಹೆಯ ಕೋಣೆಗೆ ಕೊನೆ ವರ್ಷದ ಮಕ್ಕಳು ಬರೋದು ಜಾಸ್ತಿ. ಹೆಚ್ಚಿನವರು ಕೆಲಸ ಸಿಗಲಿಲ್ಲ ಅಂತ ಬರುತ್ತಾರೆ. ಡಿಸೈನ್ ಓದುವವರದು ಬೇರೆಯೇ ಗೋಳು. "ನಾಲ್ಕು ವರ್ಷದಲ್ಲಿ ನಾನು ಹೇಗೆ ಬೆಳೆದೆ ಅಂತ ಬರೀಬೇಕು, ಆಗ್ತಿಲ್ಲ." ಇದೂ ಒಂದು ಸಮಸ್ಯೆಯಾ ಅಂತ ನಗಬೇಡಿ. ಮೂರು ವರ್ಷದಲ್ಲಿ ಇದು ಐದನೇ ಪ್ರಕರಣ, ಮತ್ತು ಇದರಲ್ಲಿ ಮೊದಲು ತಪ್ಪು ಮಾಡಿದವಳು ನಾನೇ. ಹುಡುಗಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು 22. ಊರು ಗದಗ-ಬೆಟಗೇರಿ ಕಡೆ. ಅಪ್ಪ ಮೊದಲು ಕೈಮಗ್ಗ ನೇಯುತ್ತಿದ್ದರು, ಈಗ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಸಾಲ ಮಾಡಿ ಮಗಳನ್ನು ದೂರದ ಊರಿನ ಡಿಸೈನ್ ಕಾಲೇಜಿಗೆ ಕಳಿಸಿದ್ದಾರೆ. ಎಂಟನೇ ಸೆಮಿಸ್ಟರ್ ಪೂರ್ತಿ ಒಂದೇ ಪ್ರಾಜೆಕ್ಟ್. ಅದರ ಹಿಂದಿನ ಹುಡುಕಾಟವನ್ನೆಲ್ಲ ಒಂದು ಪುಸ್ತಕ ಮಾಡಿ ಜ್ಯೂರಿ, ಅಂದರೆ ಪರೀಕ್ಷಕರ ಮುಂದೆ ಇಡಬೇಕು. ಪುಸ್ತಕದ ಕೊನೆಗೆ ಎರಡು ಪುಟ, "ನನ್ನ ಬೆಳವಣಿಗೆ". ಆ ಎರಡು ಪುಟವನ್ನು ಅವಳು 11 ಸಲ ಬರೆದು ಹರಿದಿದ್ದಳು. ಪ್ರಾಜೆಕ್ಟಿನ ಕೆಲಸಕ್ಕೆಂದು ಊರಿಗೆ ಬಂದವಳು ಊಟ ಬಿಟ್ಟಿದ್ದಳು, ನಸುಕಿನ ನಾಲ್ಕಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ. ಅವ್ವನೇ ಬಸ್ಸು ಹತ್ತಿಸಿಕೊಂಡು ಬಂದಿದ್ದರು.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ಸಾಯಬೇಕು ಅನಿಸಿದೆಯಾ ಅಂತ ನಾನು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಹೆದರುವವರಿದ್ದಾರೆ, ಹಾಗೇನೂ ಆಗುವುದಿಲ್ಲ. ಅವಳು ಇಲ್ಲ ಅಂದಳು. ಆದರೂ 14416 ನಂಬರ್ ಅವಳ ಮೊಬೈಲಿನಲ್ಲಿ ಹಾಕಿಸಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು-ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸೋಣ ಅಂತ ಅವ್ವನಿಗೂ ಹೇಳಿದೆ.

ಆಮೇಲೆ ನನ್ನ ತಪ್ಪು. "ಬೆಟಗೇರಿಯಿಂದ ಹೋಗಿ ಅಷ್ಟು ದೊಡ್ಡ ಕಾಲೇಜಿನಲ್ಲಿ ಓದಿದೀಯಲ್ಲ, ಎಷ್ಟು ಬೆಳೆದಿದೀಯ ನೋಡು" ಅಂದುಬಿಟ್ಟೆ. ಹುರುಪು ತುಂಬೋಣ ಅಂತ. ಅವಳು "ಹೌದ್ರೀ ಮೇಡಂ" ಅಂದು ಬಾಯಿ ಮುಚ್ಚಿದಳು. ಉಳಿದ ಅರ್ಧ ಗಂಟೆ ಫ್ಯಾನಿನ ಸದ್ದು ಕೇಳಿದ್ದೇ ಬಂತು. ಯಾಕೆ ಅಂತ ಗೊತ್ತಾದದ್ದು ಮುಂದಿನ ವಾರ.

ಆ ವಾರ ಅವಳು ಒಬ್ಬಳೇ ಬಂದಳು. ಮೊದಲನೇ ವರ್ಷದ ಮತ್ತು ಈ ವರ್ಷದ ಸ್ಕೆಚ್ ಪುಸ್ತಕ ತರಲು ಹೇಳಿದ್ದೆ. ಎರಡನ್ನೂ ಟೇಬಲ್ ಮೇಲೆ ಇಟ್ಟು ಅಂದಳು, "ನೀವೇ ನೋಡ್ರಿ. ಆಗ ಎಲ್ಲಾ ಚಿತ್ರ ಮುಗಿಸೇನಿ. ಈಗ ಒಂದೂ ಮುಗಿಸಿಲ್ಲ. ನಾ ಬೆಳದಿಲ್ರಿ, ಹಿಂದ ಹೋಗೇನಿ."

ನೋಡಿದರೆ ಹೌದು. ಹಳೇ ಪುಸ್ತಕದಲ್ಲಿ ಕಿಟ್ಲಿ, ಚಪ್ಪಲಿ, ಸೈಕಲ್ಲು, ಒಂದಕ್ಕಿಂತ ಒಂದು ಚೆಂದ, ಪ್ರತಿಯೊಂದರ ಕೆಳಗೂ ಸಹಿ. ಹೊಸದರಲ್ಲಿ ಬರೀ ಕಾಟು. ಪುಟದ ಮೇಲೆ ಪುಟ ಒಂದೇ ವಸ್ತು: ಒಂದು ಮಣೆ. ಎಣಿಸಿದೆ, 17 ಸಲ.

ಅವಳ ಪ್ರಾಜೆಕ್ಟೇ ಅದು. ಕುಣಿಮಗ್ಗದಲ್ಲಿ ನೇಕಾರರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ದಿನಪೂರ್ತಿ ಹಾಗೇ ಕೂತು ಬೆನ್ನು, ಸೊಂಟ ಹಿಡಿಯುತ್ತೆ. ಅವರಿಗೊಂದು ಆಸನ ಮಾಡಬೇಕು. ಅವಳ ಓಣಿಯ ಒಬ್ಬ ಅಜ್ಜನಿಗೆ ಮೂರು ನಮೂನೆ ಮಾಡಿಕೊಟ್ಟಳಂತೆ. ಮೂರನ್ನೂ ಎರಡೆರಡು ದಿನ ಇಟ್ಟುಕೊಂಡು ಅಜ್ಜ ಗೋಡೆಗೆ ಆನಿಸಿಟ್ಟರು.

"ಮತ್ತ ಕೌದಿ ಮ್ಯಾಲೇ ಕುಂತ್ರು ನೋಡ್ರಿ." ಕಣ್ಣು ತುಂಬಿತ್ತು.

ಸಮಾಧಾನ ಹೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹಿಂದಿನ ವಾರದ ನೆನಪಾಗಿ ನುಂಗಿಕೊಂಡೆ. "ಕೌದಿ ಮ್ಯಾಲೇ ಯಾಕ ಕುಂದರ್ತಾರವಾ ಅವರು?" ಅಂತ ಸುಮ್ನೆ ಕೇಳಿದೆ.

ಅವಳು ಹೇಳಲು ಶುರುಮಾಡಿದಳು. ಬೆಳಿಗ್ಗೆ ಮೂರು ಮಡಿಕೆ ಹಾಕ್ತಾರೆ, ಮಧ್ಯಾಹ್ನ ಉಂಡು ಬಂದಮೇಲೆ ಎರಡೇ. ಲಾಳಿಯ ಹಗ್ಗ ಜಗ್ಗುವಾಗ ಮೈ ಮುಂದೆ ಬಾಗುತ್ತೆ, ಆಗ ತೊಡೆ ಕೆಳಗಿನ ಮಡಿಕೆ ಅರ್ಧ ಇಂಚು ಜರುಗುತ್ತೆ, ಮರದ ಮಣೆ ಹಾಗೆ ಜರುಗುವುದಿಲ್ಲ. ಬಲಗಾಲು ಒತ್ತುವಾಗ ಅವರು ಎಡಕ್ಕೆ ವಾಲುತ್ತಾರೆ, ಅದಕ್ಕೇ ಕೌದಿಯ ಎಡ ಅಂಚು ಹರಿದಿದೆ. ಹರಿದಲ್ಲಿ ಅಜ್ಜಿ ಬೇರೆ ಬಟ್ಟೆಯ ತುಂಡು ಹಚ್ಚಿ ಹೊಲೆದಿದ್ದಾರೆ. ಹೇಳುತ್ತಾ ಪೆನ್ಸಿಲ್ ತೆಗೆದು ನನ್ನ ಫೈಲಿನ ಮೇಲೇ ಗೆರೆ ಎಳೆದಳು. ಹತ್ತು ನಿಮಿಷ ಆಗಿರಬೇಕು, ಒಮ್ಮೆಯೂ ಅಳಲಿಲ್ಲ.

"ಮೊದಲನೇ ವರ್ಷ ಆಗಿದ್ರ ಇದನ್ನ ನೋಡ್ತಿದ್ದೆಯಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ನಕ್ಕಳು. "ಮೊದಲ್ನೇ ವರ್ಷ ಆಗಿದ್ರ, ಅಜ್ಜಗ ಕುಂದ್ರಾಕ ಬರಂಗಿಲ್ಲ ಅಂತಿದ್ನಿರಿ."

ಅದನ್ನೇ ಬರಿ ಅಂದೆ.

ಆಗ ಹೊರಬಿತ್ತು ನಿಜವಾದ ಸಂಗತಿ. ಅವಳ ಗೆಳತಿಯರು ಬರೆದಿದ್ದೆಲ್ಲ ಒಂದೇ ಥರ: ಮೊದಲು ಹೀಗಿದ್ದೆ, ಈಗ ಆತ್ಮವಿಶ್ವಾಸ ಬಂತು. ಇವಳೂ ನಾಲ್ಕನೇ ಸಲ ಬರೆದಾಗ "ಏನೂ ಗೊತ್ತಿಲ್ಲದ ನೇಕಾರರ ಮನೆ ಹುಡುಗಿ" ಅಂತ ಶುರುಮಾಡಿದ್ದಳು. ಪುಸ್ತಕ ಮನೆಗೆ ಬಂದರೆ ಅಪ್ಪನಿಗೆ ಇಂಗ್ಲಿಷ್ ಬರದು, ಕಾಕಾನ ಮಗ ಓದಿ ಹೇಳುತ್ತಾನೆ. ಅಪ್ಪ ಅದನ್ನು ಕೇಳಿಸಿಕೊಳ್ಳುವುದನ್ನು ನೆನೆದಾಗಿನಿಂದ ಅವಳ ನಿದ್ದೆ ಹೋಗಿತ್ತು. ನಾನೂ ಹಿಂದಿನ ವಾರ ಅದೇ ಕತೆಯನ್ನೇ ಹೊಗಳಿಕೆ ಮಾಡಿ ಒಪ್ಪಿಸಿದ್ದೆ, ಅಲ್ವಾ?

ಸಣ್ಣ ಊರಿನ ಮಕ್ಕಳಿಗೆ ಈ "ಮೊದಲು-ಈಗ" ಲೆಕ್ಕ ತುಂಬಾ ದುಬಾರಿ. ಬೆಳೆದೆ ಅಂತ ತೋರಿಸಬೇಕಾದರೆ ಮನೆಯನ್ನು ಕೆಳಗೆ ತಳ್ಳಿ ಅದರ ಮೇಲೆ ನಿಲ್ಲಬೇಕು. ಕಾಲೇಜಿನವರು ಬೇಕಂತಲೇ ಕೇಳುತ್ತಾರೆ ಅಂತಲ್ಲ. ಆದರೆ ಆ ಎರಡು ಪುಟ ಎಲ್ಲರಿಂದಲೂ ಅದೇ ಕತೆ ಬೇಡುತ್ತೆ. ಅದಕ್ಕೇ ನಾನು ಕೊಟ್ಟ ಸಲಹೆ ಇಷ್ಟೇ: ನಿನ್ನ ಬಗ್ಗೆ ಬರೀಬೇಡ, ಕೌದಿ ಬಗ್ಗೆ ಬರಿ. ಆತ್ಮವಿಶ್ವಾಸ ಅನ್ನೋ ಪದ ಎಲ್ಲೂ ಬರಕೂಡದು. ಮೂರು ಮಣೆ ಸೋತಿದ್ದನ್ನು ಮುಚ್ಚಿಡಬೇಡ. ಮೊದಲು ಕನ್ನಡದಲ್ಲಿ ಬರಿ, ಆಮೇಲೆ ಇಂಗ್ಲಿಷಿಗೆ ತಾ. ಕಾಕಾನ ಮಗ ಓದುವ ಮೊದಲು ನೀನೇ ಅಪ್ಪನಿಗೆ ಓದಿ ಹೇಳು. ಮತ್ತೆ, ರಾತ್ರಿ ಎಂಟಾದ ಮೇಲೆ ಪುಸ್ತಕ ಮುಟ್ಟಬೇಡ, ಅವ್ವನ ಜೊತೆ ಕೂತು ಉಣ್ಣು.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. "ಇದು ಅವರ ಗೈಡ್ ಮಾಡೋ ಕೆಲಸ, ಆಪ್ತಸಲಹೆ ಅಲ್ಲ" ಅಂದರು. ಆತಂಕಕ್ಕೆ ಉಸಿರಾಟ, ಯೋಚನೆಯ ಡೈರಿ ಕೊಡಬೇಕಿತ್ತಂತೆ. ಕೊಟ್ಟಿದ್ದೆ, ಬೇರೆಯವರಿಗೂ ಕೊಡುತ್ತೇನೆ. ಆದರೆ ಈ ಹುಡುಗಿಯ ಎದೆ ಹಿಂಡುತ್ತಿದ್ದದ್ದು ಒಂದು ಸುಳ್ಳು ವಾಕ್ಯ. ಅದನ್ನು ಹಾಗೇ ಬಿಟ್ಟು ಬರೀ ಉಸಿರಾಡು ಅಂದರೆ ಅದೆಂಥ ಸಲಹೆ? ಗೈಡ್ ನೋಡಿದ್ದರೆ ಮಣೆಯನ್ನು ನೋಡುತ್ತಿದ್ದರು. ನಾನು ನೋಡಿದ್ದು ಅವಳು ಕೌದಿಯನ್ನು ನೋಡಿದ ರೀತಿ. ನನ್ನ ಮಟ್ಟಿಗೆ ಅದು ನನ್ನ ಕೆಲಸವೇ.

ಹತ್ತು ದಿನದಲ್ಲಿ ನಿದ್ದೆ ಹತ್ತಿತು, ಡಿಮ್ಹಾನ್ಸ್‌ಗೆ ಕಳಿಸುವ ಪ್ರಸಂಗ ಬರಲಿಲ್ಲ. ಜ್ಯೂರಿಯಲ್ಲಿ ಎಷ್ಟು ಅಂಕ ಬಂತು ಅಂತ ನಾನು ಕೇಳಲಿಲ್ಲ. ಜೂನಿನಲ್ಲಿ ಫೋನ್ ಮಾಡಿದಾಗ ಕೇಳಿದ್ದು ಒಂದೇ, ಅಪ್ಪನಿಗೆ ಓದಿ ಹೇಳಿದೆಯಾ ಅಂತ.

"ಹೇಳೇನ್ರಿ. ಪೂರಾ ಕೇಳಿದ್ರು. ಒಂದ್ ತಪ್ಪು ಹಿಡದ್ರು."

"ಏನು?"

"ಮಡಿಕಿ ಬದಲ್ಸೋದು ಉಂಡ ಕೂಡ್ಲೇ ಅಲ್ಲಂತ್ರಿ. ಮೂರು ಗಂಟೆ ಮ್ಯಾಲಂತ. ಅಂಗಡಿ ಬಾಗಲಾ ಹಾಕಿ, ನೆಲದ ಮ್ಯಾಲ ಕುಂತು ಮಾಡಿ ತೋರ್ಸಿದ್ರು."