ಲೈನ್‌ಮನ್ ಆಗಲು ಯಾವ ತರಬೇತಿ ಬೇಕು?

ಕರ್ನಾಟಕದ ಎಸ್ಕಾಂಗಳಲ್ಲಿ (ವಿದ್ಯುತ್ ಸರಬರಾಜು ಕಂಪನಿಗಳಲ್ಲಿ) ಈ ವೃತ್ತಿಗೆ ಪ್ರವೇಶ ದೊರೆಯುವುದು ಕಿರಿಯ ಪವರ್‌ಮ್ಯಾನ್ ಹುದ್ದೆಯ ಮೂಲಕ. 2024ರ ಅಧಿಸೂಚನೆಯಲ್ಲಿ ಕೇಳಿದ್ದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ ಮಾತ್ರ. ಆದರೆ ಸಹನಶಕ್ತಿ ಪರೀಕ್ಷೆಯಲ್ಲಿ 8 ಮೀಟರ್ ಎತ್ತರದ ಕಂಬ ಹತ್ತುವುದು ಕಡ್ಡಾಯವಾಗಿತ್ತು. ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ ಬಂದವರಿಗೆ ಕೆಲಸ ಬೇಗ ಕೈಗೆ ಹತ್ತುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಕಲಿಕೆ ಇರುವುದು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿಸಿ ಕೆಲಸ ಮಾಡಲು ಸಿಗುವ ಅನುಮತಿ) ಪಡೆಯುವ ಶಿಸ್ತಿನಲ್ಲಿ. ಉಪಕೇಂದ್ರದಲ್ಲಿ 11 ಕೆವಿ ಫೀಡರ್ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಲೈನ್) ಬಂದ್ ಮಾಡಿಸಿಕೊಂಡ ಮೇಲೂ ಯಾರದೋ ಜನರೇಟರಿನಿಂದ ವಿದ್ಯುತ್ ಹಿಮ್ಮುಖವಾಗಿ ಹರಿದು ಬರಬಹುದಾದ್ದರಿಂದ, ಲೈನಿನಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ (ಲೈನನ್ನು ನೆಲಕ್ಕೆ ಜೋಡಿಸುವ ಸಲಕರಣೆ) ಹಾಕಿದ ನಂತರವೇ ಕೆಲಸ ಆರಂಭಿಸಬೇಕು. ರಾಡಿನ ತಂತಿಯನ್ನು ಮೊದಲು ನೆಲಕ್ಕೆ ಜೋಡಿಸಿ, ಆಮೇಲೆ ಕೊಕ್ಕೆಯನ್ನು ಲೈನಿಗೆ ಸಿಕ್ಕಿಸಬೇಕು. ತೆಗೆಯುವಾಗ ಮೊದಲು ಕಳಚಬೇಕಾದದ್ದು ಲೈನಿನ ಕೊಕ್ಕೆಯನ್ನು.