ಹುಲ್ಲುಹಾಸು ಒಂದೆಡೆ ಗಿಡ್ಡ, ಒಂದೆಡೆ ಉದ್ದ: ದೋಷ ಎಲ್ಲಿದೆ?

ಪ್ರಶ್ನೆ: ನಮ್ಮ ತೋಟದ ಹೋಂಸ್ಟೇ ಮುಂದೆ ಸುಮಾರು ಒಂದು ಎಕರೆ ಹುಲ್ಲುಹಾಸು ಇದೆ. ಅದಕ್ಕಾಗಿ ಎರಡು ಬ್ಲೇಡುಗಳಿರುವ, 42 ಇಂಚು ಅಗಲದ, ಕೂತು ಓಡಿಸುವ ಲಾನ್ ಮೂವರ್ ಇಟ್ಟುಕೊಂಡಿದ್ದೇವೆ. ಈ ಮಳೆಗಾಲದಿಂದ ಎಡಬದಿಯ ಹುಲ್ಲು ತೀರ ಗಿಡ್ಡವಾಗಿ, ಬಲಬದಿಯದು ಉದ್ದವಾಗಿ ಉಳಿಯುತ್ತಿದೆ. ನಡುವೆ ಬೆರಳಗಲದ ಗೆರೆಯೊಂದು ಕತ್ತರಿಸದೆಯೇ ನಿಲ್ಲುತ್ತದೆ. ಬ್ಲೇಡುಗಳಿಗೆ ಈಚೆಗಷ್ಟೇ ಸಾಣೆ ಹಿಡಿಸಿದ್ದೇವೆ. ಬ್ಲೇಡುಗಳನ್ನು ಮೇಲಿನಿಂದ ಮುಚ್ಚಿರುವ ತಗಡಿನ ಕವಚವನ್ನೇ, ಅಂದರೆ ಡೆಕ್ಕನ್ನೇ, ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅದು ಅಗತ್ಯವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ವಿವರಿಸಿರುವುದು ಒಂದು ದೋಷವಲ್ಲ, ಎರಡು. ಎಡ–ಬಲಗಳ ವ್ಯತ್ಯಾಸಕ್ಕೆ ಡೆಕ್ಕಿನ ವಾಲುವಿಕೆ ಕಾರಣವಾದರೆ, ನಡುವಿನ ಗೆರೆಗೆ ಬಹುಪಾಲು ಬ್ಲೇಡುಗಳೇ ಕಾರಣ. ಇವೆರಡನ್ನೂ ಪರೀಕ್ಷಿಸುವ ಮೊದಲು ಡೆಕ್ ಬದಲಿಸುವ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಮೊದಲು ನಾಲ್ಕೂ ಚಕ್ರಗಳ ಗಾಳಿ ನೋಡಿ. ಡೆಕ್ ಯಂತ್ರದ ಚೌಕಟ್ಟಿನಿಂದ ತೂಗುತ್ತಿರುವುದರಿಂದ, ಎಡಗಡೆಯ ಒಂದು ಟೈರಿನಲ್ಲಿ ಗಾಳಿ ಇಳಿದರೂ ಆ ಬದಿಯ ಬ್ಲೇಡ್ ನೆಲದ ಹತ್ತಿರಕ್ಕೆ ಬರುತ್ತದೆ. ಈ ಟೈರುಗಳಿಗೆ ಬೇಕಾಗುವುದು ಸಾಮಾನ್ಯವಾಗಿ 10ರಿಂದ 15 ಪಿಎಸ್‌ಐ ಮಾತ್ರ. ನಿಖರ ಅಳತೆ ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಲೆಕ್ಕದಲ್ಲಿ ತುಂಬಿಸಿಬಿಡುವ ಸಂಭವವಿರುವುದರಿಂದ ಅಳತೆಯನ್ನು ನೀವೇ ಹೇಳಿ ಹಾಕಿಸಿ. ಗಾಳಿ ಸರಿಪಡಿಸದೆ ಡೆಕ್ಕಿನ ನಟ್ಟುಗಳನ್ನು ತಿರುಗಿಸಿದರೆ, ಮುಂದೆ ಗಾಳಿ ತುಂಬಿಸಿದ ದಿನ ಡೆಕ್ ಇನ್ನೊಂದು ಕಡೆಗೆ ವಾಲುತ್ತದೆ.

ಇನ್ನು ಅಳತೆಯ ಕೆಲಸಕ್ಕೆ ನಿಮ್ಮ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿದ್ದರೂ ಚಿಂತೆಯಿಲ್ಲ, ಏಕೆಂದರೆ ನಾವು ಅಳೆಯುವುದು ನೆಲಕ್ಕೂ ಬ್ಲೇಡಿಗೂ ಇರುವ ಅಂತರವನ್ನು. ಸಿಮೆಂಟು ಉಬ್ಬುತಗ್ಗಿಲ್ಲದೆ ಒಂದೇ ಸಮನಾಗಿದ್ದರೆ ಸಾಕು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸಿ, ದಪ್ಪ ಕೈಗವಸು ಹಾಕಿಕೊಂಡ ಮೇಲಷ್ಟೇ ಬ್ಲೇಡಿಗೆ ಕೈ ಹಾಕಬೇಕು. ಈ ವಿಷಯದಲ್ಲಿ ಆತುರ ಖಂಡಿತ ಬೇಡ.

ಮೊದಲು ಬ್ಲೇಡ್ ಬಾಗಿದೆಯೇ ಎಂಬುದನ್ನು ತಿಳಿಯಿರಿ. ಒಂದು ತುದಿಯಿಂದ ನೆಲಕ್ಕಿರುವ ಎತ್ತರವನ್ನು ಅಳೆದು, ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ, ಅದೇ ಜಾಗಕ್ಕೆ ಬಂದ ಇನ್ನೊಂದು ತುದಿಯನ್ನೂ ಅಳೆಯಿರಿ. ವ್ಯತ್ಯಾಸ 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಬ್ಲೇಡ್ ಬಾಗಿದೆ ಎಂದರ್ಥ. ಸಿಲ್ವರ್ ಓಕ್ ಬೇರಿಗೋ ಮಣ್ಣಿನಲ್ಲಿ ಹುದುಗಿದ ಕಲ್ಲಿಗೋ ಬಡಿದರೆ ಹೀಗಾಗುತ್ತದೆ. ಬಾಗಿದ ಬ್ಲೇಡನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಮತ್ತೆ ಹಾಕುವುದು ಅಪಾಯಕರ, ಹೊಸದನ್ನೇ ಹಾಕಿಸಬೇಕು. ಹೊಸ ಬ್ಲೇಡ್ ಹಾಕಿದ ಮೇಲೂ ಅದೇ ವ್ಯತ್ಯಾಸ ಕಂಡರೆ ಸ್ಪಿಂಡಲ್, ಅಂದರೆ ಬ್ಲೇಡನ್ನು ತಿರುಗಿಸುವ ದಂಡ, ಬಾಗಿರುತ್ತದೆ. ಬ್ಲೇಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಸವೆದಿರುತ್ತದೆ.

ಬ್ಲೇಡುಗಳು ಸರಿಯಿದ್ದರೆ ಎರಡನ್ನೂ ಅಡ್ಡಲಾಗಿ ನಿಲ್ಲಿಸಿ, ಎಡ ಮತ್ತು ಬಲದ ಹೊರತುದಿಗಳ ಎತ್ತರವನ್ನು ಹೋಲಿಸಿ, ಡೆಕ್ಕನ್ನು ಎತ್ತಿ ಹಿಡಿದಿರುವ ಕೊಂಡಿಯ ನಟ್ಟನ್ನು ತಿರುಗಿಸಿ ಸಮ ಮಾಡಿ. ಆಮೇಲೆ ಬ್ಲೇಡುಗಳನ್ನು ಉದ್ದಕ್ಕೆ ತಿರುಗಿಸಿ ನೋಡಿದಾಗ ಮುಂದಿನ ತುದಿ ಹಿಂದಿನದಕ್ಕಿಂತ ತುಸು ಕೆಳಗಿರಬೇಕು. ಬಹಳಷ್ಟು ಯಂತ್ರಗಳಲ್ಲಿ ಇದು 3ರಿಂದ 6 ಮಿಲಿಮೀಟರ್. ಹಿಂಬದಿಯೇ ಕೆಳಗಿದ್ದರೆ ಮುಂದೆ ಕತ್ತರಿಸಿದ ಹುಲ್ಲನ್ನೇ ಹಿಂದೆ ಮತ್ತೊಮ್ಮೆ ಕತ್ತರಿಸಬೇಕಾಗಿ ಎಂಜಿನ್ನಿಗೆ ಹೊರೆಯಾಗುತ್ತದೆ.

ನಡುವಿನ ಗೆರೆಯ ವಿಷಯದಲ್ಲಿ ನನ್ನ ಅನುಮಾನ ನೀವು ಹಿಡಿಸಿದ ಸಾಣೆಯ ಮೇಲೆಯೇ ಇದೆ. ಎರಡು ಬ್ಲೇಡುಗಳು ಕತ್ತರಿಸುವ ಪಟ್ಟಿಗಳು ನಡುವೆ ಒಂದರ ಮೇಲೊಂದು ಸ್ವಲ್ಪವೇ ಹಾಯುತ್ತವೆ. ಗ್ರೈಂಡರಿನಲ್ಲಿ ತುದಿಗಳನ್ನು ಗುಂಡಗೆ ಉಜ್ಜಿಬಿಟ್ಟರೆ ಆ ಸ್ವಲ್ಪವೂ ಹೋಗಿ, ಎಷ್ಟೇ ಹರಿತವಿದ್ದರೂ ಅಲ್ಲಿಯ ಹುಲ್ಲು ಬ್ಲೇಡಿಗೆ ಸಿಗುವುದಿಲ್ಲ. ಹಾಗಾಗಿದ್ದರೆ ನಿಮ್ಮ ಮಾದರಿಯ ಯಂತ್ರಕ್ಕೆಂದೇ ಬರುವ ಬ್ಲೇಡುಗಳನ್ನು ಜೋಡಿಯಾಗಿ ತರಿಸಿ. ಸಾಣೆಯ ನಂತರ ಬ್ಲೇಡನ್ನು ತಲೆಕೆಳಗಾಗಿ ಕೂರಿಸಿರುವ ಸಾಧ್ಯತೆಯೂ ಇದೆ: ಮೇಲಕ್ಕೆ ಬಾಗಿದ ರೆಕ್ಕೆಯ ಭಾಗ ಡೆಕ್ಕಿನ ಕಡೆಗೇ ಇರಬೇಕು.

ಮಲೆನಾಡಿನ ಮಳೆಯ ಪಾಲೂ ಇದರಲ್ಲಿದೆ. ಒದ್ದೆ ಹುಲ್ಲು ಡೆಕ್ಕಿನ ಒಳಗೆ ಮೆತ್ತಿಕೊಂಡು ಗಟ್ಟಿಯಾದಾಗ ಹುಲ್ಲನ್ನು ಎತ್ತಿ ನಿಲ್ಲಿಸುವ ಗಾಳಿಯ ಸೆಳೆತ ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಡೆಕ್ಕಿನ ಒಳಭಾಗವನ್ನು ಕೆರೆದು ಸ್ವಚ್ಛಗೊಳಿಸಿ, ಮಳೆ ಹೊಳವಾಗಿ ಹುಲ್ಲು ಆರಿದ ಮೇಲೆ ಎಂಜಿನ್ನನ್ನು ಪೂರ್ತಿ ವೇಗದಲ್ಲಿಟ್ಟು ಗಾಡಿಯನ್ನು ನಿಧಾನವಾಗಿ ಓಡಿಸಿ. ಬೆಲ್ಟ್ ಸಡಿಲವಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಡೆಕ್ ತೂಗುವ ಕೊಂಡಿಗಳ ಬಳಿ ತಗಡು ಸೀಳಿದ್ದರೂ ಸಾಮಾನ್ಯವಾಗಿ ವೆಲ್ಡಿಂಗಿನಿಂದ ಸರಿಹೋಗುತ್ತದೆ. ಸ್ಪಿಂಡಲ್ ಕೂರುವ ಜಾಗವೇ ತುಕ್ಕು ತಿಂದು ತೆಳುವಾಗಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಹೊಸ ಡೆಕ್ ಹಾಕಿಸಿ.