ಅಜ್ಜಿಯ ಸೆರಗಿಗೂ ಒಂದು ಪಾತ್ರ ಕೊಡಿ

ಪ್ರಶ್ನೆ: ಬೆಂಗಳೂರಿನ ಕಾಲೇಜೊಂದರಲ್ಲಿ ಆ್ಯನಿಮೇಷನ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಇದಕ್ಕೂ ಮೊದಲು ಎರಡು ವರ್ಷ ಫ್ಯಾಷನ್ ಡಿಸೈನ್ ಓದಿ, ಅದು ನನ್ನ ದಾರಿಯಲ್ಲ ಎನಿಸಿ ಬಿಟ್ಟೆ. ಅಪ್ಪ ಆ ಫೀಸಿನ ಮಾತನ್ನು ಇಂದಿಗೂ ಎತ್ತುತ್ತಾರೆ. ಈಗ ಮೂವರು ಗೆಳತಿಯರು ಸೇರಿ ಮೂರು ನಿಮಿಷದ ಪ್ರಾಜೆಕ್ಟ್ ಚಿತ್ರ ಮಾಡುತ್ತಿದ್ದೇವೆ. ಬಾಗಲಕೋಟೆ ಕಡೆಯಿಂದ ಮೊಮ್ಮಗಳನ್ನು ನೋಡಲು ಮೊದಲ ಬಾರಿ ಬೆಂಗಳೂರಿಗೆ ಬರುವ ಅಜ್ಜಿಯ ಕಥೆ ಅದು. ಅಜ್ಜಿಗೆ ಚೌಕಳಿಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮೊಮ್ಮಗಳ ಚೀಲಕ್ಕೆ ಕಸೂತಿ ಎಂದು ಹಾಳೆಗಟ್ಟಲೆ ವಿನ್ಯಾಸ ಬಿಡಿಸಿದೆ. ‘ಇಷ್ಟನ್ನೆಲ್ಲ ಬಿಡಿಸುವವರು ಯಾರು? ಇದೇನು ಫ್ಯಾಷನ್ ಷೋ ಅಲ್ಲ’ ಎಂದರು ಗೆಳತಿಯರು. ‘ಬಟ್ಟೆ ಕಥೆಗೆ ಏನು ಮಾಡುತ್ತದೆ ಹೇಳು’ ಎಂದು ಮಾರ್ಗದರ್ಶಕರು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಒಬ್ಬಳಂತೂ ‘ನೀನು ಅಲ್ಲೇ ಇರಬೇಕಿತ್ತು’ ಎಂದುಬಿಟ್ಟಳು. ಅಂದಿನಿಂದ ಪೆನ್ಸಿಲ್ ಹಿಡಿಯಲು ಮನಸ್ಸೇ ಬರುತ್ತಿಲ್ಲ. ಬಟ್ಟೆಯ ಯೋಚನೆ ಬಿಟ್ಟು ಅವರು ಹೇಳಿದಂತೆ ನಡೆದುಕೊಳ್ಳಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬಿಡಬೇಡಿ. ಆದರೆ ಆ ಹಾಳೆಗಳಲ್ಲಿ ಮುಕ್ಕಾಲು ಪಾಲನ್ನು ಈಗಲೇ ಪಕ್ಕಕ್ಕಿಡಿ.

‘ನೀನು ಅಲ್ಲೇ ಇರಬೇಕಿತ್ತು’ ಎಂಬುದು ಚುಚ್ಚುವ ಮಾತು. ಮನೆಯಲ್ಲಿ ಕೇಳುವ ಹಂಗಿನ ಮಾತೇ ಕಾಲೇಜಿನಲ್ಲೂ ಕಿವಿಗೆ ಬಿದ್ದರೆ ಯಾರಿಗಾದರೂ ಕೈ ಸೋಲುತ್ತದೆ. ಆ ನೋವಿನಲ್ಲಿ ಗೆಳತಿಯರ ಇನ್ನೊಂದು ಮಾತನ್ನೂ ನೀವು ಅವಮಾನವೆಂದೇ ತೆಗೆದುಕೊಂಡಿರಿ ಎಂದು ನನಗೆ ತೋರುತ್ತದೆ. ಬಿಡಿಸುವವರು ಯಾರು ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 24 ಫ್ರೇಮು, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು 24 ನಿಶ್ಚಲ ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಮೂರು ನಿಮಿಷದಲ್ಲಿ ಅರ್ಧ ಹೊತ್ತು ಅಜ್ಜಿ ತೆರೆಯ ಮೇಲಿದ್ದರೆ ಅವಳದೇ 1,080 ಚಿತ್ರಗಳಾದವು. ಚೌಕಳಿ ಹಾಕಲು ಪ್ರತಿ ಚಿತ್ರಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿದರೆ ಅದೊಂದಕ್ಕೇ 180 ಗಂಟೆ ಹೋಯಿತು. ಅಷ್ಟು ದುಡಿದ ಮೇಲೂ ಫಲ ಅನುಮಾನ. ಕೈಯಲ್ಲಿ ಬಿಡಿಸಿದ ಚೌಕಳಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸರಿದರೂ ತೆರೆಯ ಮೇಲೆ ಇಡೀ ಸೀರೆ ಗಿಜಿಗುಡುತ್ತದೆ. ನೋಡುವವರ ಕಣ್ಣು ಅಜ್ಜಿಯ ಮುಖ ಬಿಟ್ಟು ಅಲ್ಲಿಗೇ ಓಡುತ್ತದೆ. ಖಣದ ಪುಟ್ಟ ಪುಟ್ಟ ಹೂಗಳ ಗತಿಯೂ ಇದೇ. ಆದ್ದರಿಂದ ‘ಚೌಕಳಿ ಬೇಡ, ಖಣದ ಹೂವೂ ಬೇಡ, ನೀವು ಹೇಳಿದ್ದು ಸರಿ’ ಎಂದು ಗೆಳತಿಯರಿಗೆ ನೀವೇ ಮೊದಲು ಹೇಳಿ. ಆಮೇಲೆ ನೀವು ಹೇಳುವುದನ್ನು ಕೇಳುವ ಮನಸ್ಸು ಅವರಿಗೂ ಬರುತ್ತದೆ.

ಹಾಗಾದರೆ ಫ್ಯಾಷನ್ ತರಗತಿಯಿಂದ ತರಬೇಕಾದದ್ದು ಏನು? ಬಟ್ಟೆಯ ನಡವಳಿಕೆ. ಎರಡು ವರ್ಷ ನೀವು ಬಟ್ಟೆಯನ್ನು ಮುಟ್ಟಿ, ಕತ್ತರಿಸಿ, ಹೊಲಿದು ಕಲಿತಿದ್ದೀರಿ. ಎಳೆಯ ನೇರಕ್ಕೆ ಕತ್ತರಿಸಿದ್ದು ಬೀಳುವ ರೀತಿ ಬೇರೆ, ಓರೆಯಾಗಿ ಕತ್ತರಿಸಿದ್ದು ಬೀಳುವ ರೀತಿ ಬೇರೆ. ಗಂಜಿ ಹಾಕಿದ ಹತ್ತಿ ಮೂಲೆ ಮೂಲೆಯಾಗಿ ಮುರಿಯುತ್ತದೆ, ರೇಷ್ಮೆ ಜಾರುತ್ತದೆ. ಇದೆಲ್ಲ ನಿಮ್ಮ ಬೆರಳುಗಳಿಗೆ ಗೊತ್ತು. ಮೈ ನಿಂತ ಮೇಲೂ ಮೈಗೆ ತಗುಲಿಕೊಂಡದ್ದು ಸ್ವಲ್ಪ ಹೊತ್ತು ಚಲಿಸುತ್ತಲೇ ಇರುತ್ತದೆ ಎಂದು ಆ್ಯನಿಮೇಷನ್ ಕಲಿಯುವ ಎಲ್ಲರಿಗೂ ಪಾಠವಾಗಿರುತ್ತದೆ. ಯಾವ ಬಟ್ಟೆ ಎಷ್ಟು ಹೊತ್ತು, ಹೇಗೆ ಚಲಿಸುತ್ತದೆ ಎಂಬುದನ್ನು ನಿಮ್ಮ ತಂಡದಲ್ಲಿ ನೀವೊಬ್ಬರೇ ಹೇಳಬಲ್ಲಿರಿ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಮೈ ಸಾಮಾನ್ಯವಾಗಿ ಹತ್ತಿಯದು. ಸೆರಗಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ರೇಷ್ಮೆ ಅಥವಾ ಕೃತಕ ರೇಷ್ಮೆಯದು. ಮಗ್ಗದ ಮೇಲೆ ಮೈಯ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆಯೊಳಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಈ ಜೋಡಣೆಯೇ ಕೊಂಡಿ. ಅಲ್ಲಿಂದಾಚೆಗೆ ತೋಪು ತೆನೆ ಎಂಬ ಕೆಂಪು ಬಿಳುಪಿನ ವಿನ್ಯಾಸದ ಸೆರಗು. ಅಂದರೆ ಒಂದೇ ಸೀರೆಯಲ್ಲಿ ಎರಡು ಬಗೆಯ ಚಲನೆ ಇದೆ. ಅಜ್ಜಿ ಮೆಟ್ಟಿಲು ಹತ್ತುವಾಗ ಹತ್ತಿಯ ನೆರಿಗೆ ಮೊಣಕಾಲಿನೊಂದಿಗೆ ಗಡುಸಾಗಿ ಎದ್ದು ಮುರಿಯುತ್ತದೆ. ಬೆನ್ನ ಮೇಲಿನ ಸೆರಗು ಒಂದು ಕ್ಷಣ ತಡೆದು, ಜಾರುತ್ತಾ ಹಿಂಬಾಲಿಸುತ್ತದೆ. ಅವಳು ನಿಂತಾಗ ನೆರಿಗೆ ಕೂಡಲೇ ನಿಲ್ಲುತ್ತದೆ. ಸೆರಗು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿ ಆಮೇಲೆ ನಿಲ್ಲುತ್ತದೆ. ಇದನ್ನು ತೋರಿಸಲು ಚೌಕಳಿಯ ಒಂದು ಗೆರೆಯೂ ಬೇಕಿಲ್ಲ. ಸೀರೆಯ ಮೈಗೆ ಒಂದೇ ಗಾಢ ಬಣ್ಣ, ಅಂಚಿಗೊಂದು ಪಟ್ಟಿ, ಸೆರಗಿಗೆ ಕೆಂಪು, ಇಷ್ಟಿದ್ದರೆ ಸಾಕು. ಬಲ್ಲವರು ಗುರುತು ಹಿಡಿಯುತ್ತಾರೆ, ಅರಿಯದವರಿಗೆ ಅಜ್ಜಿ ಕಾಣುತ್ತಾಳೆ.

ಇನ್ನು ಮಾರ್ಗದರ್ಶಕರ ಪ್ರಶ್ನೆ. ಅದು ನಿಮ್ಮನ್ನು ತಡೆಯಲು ಕೇಳಿದ್ದಲ್ಲ, ಅದರಿಂದಲೇ ನಿಮ್ಮ ಚಿತ್ರ ಹುಟ್ಟಬೇಕು. ನಮ್ಮ ಹೆಂಗಸರು ಸೆರಗಿನಿಂದ ಎಷ್ಟೊಂದು ಕೆಲಸ ಮಾಡುತ್ತಾರೆ ನೋಡಿ: ತಲೆಯ ಮೇಲೆ ಹೊದೆಯುತ್ತಾರೆ, ತುದಿಯಲ್ಲಿ ದುಡ್ಡು ಗಂಟು ಹಾಕುತ್ತಾರೆ, ಮಗುವಿನ ಮೂತಿ ಒರೆಸುತ್ತಾರೆ, ಬಿಸಿ ಪಾತ್ರೆ ಇಳಿಸುತ್ತಾರೆ, ಜಗಳಕ್ಕೆ ನಿಂತರೆ ಸೊಂಟಕ್ಕೆ ಸಿಕ್ಕಿಸುತ್ತಾರೆ. ನಿಮ್ಮ ಕಥೆಯನ್ನು ಇದರ ಮೇಲೆಯೇ ಕಟ್ಟಬಹುದು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಅಜ್ಜಿ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಾಳೆ. ಮೆಟ್ರೊ ಟೋಕನ್‌ಗೆಂದು ಸೆರಗಿನ ಗಂಟು ಬಿಚ್ಚುವಾಗ ಬೆರಳು ತಡವರಿಸುತ್ತದೆ, ಹಿಂದಿನ ಸಾಲು ಚಡಪಡಿಸುತ್ತದೆ. ಎಸ್ಕಲೇಟರಿನ ಮುಂದೆ ನೆರಿಗೆಯನ್ನೆಲ್ಲ ಮುಷ್ಟಿಯಲ್ಲಿ ಒಟ್ಟುಗೂಡಿಸಿ ಹಿಡಿಯುತ್ತಾಳೆ. ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆಯುತ್ತಾಳೆ. ಮೊಮ್ಮಗಳ ಮನೆ ತಲುಪಿ, ಅಡುಗೆಮನೆಯ ಅವಸ್ಥೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಅಂಜಿಕೆ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನನಗಂತೂ ನಿಮ್ಮ ಪತ್ರ ಓದುತ್ತಿದ್ದಂತೆ ಆ ಎಸ್ಕಲೇಟರಿನ ದೃಶ್ಯವನ್ನು ನೋಡಬೇಕೆನಿಸಿತು. ಬಟ್ಟೆ ಕಥೆಗೆ ಏನು ಮಾಡುತ್ತದೆ ಎಂದು ಮಾರ್ಗದರ್ಶಕರು ಮತ್ತೆ ಕೇಳಿದರೆ ಈ ನಾಲ್ಕು ದೃಶ್ಯಗಳನ್ನು ಸಾಲಾಗಿ ಬಿಡಿಸಿದ ಸ್ಟೋರಿಬೋರ್ಡ್ ಅವರ ಮುಂದಿಡಿ.

ಕಸೂತಿಯನ್ನು ಚೀಲದಿಂದ ತೆಗೆದು ಶೀರ್ಷಿಕೆಗೆ ತನ್ನಿ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುತ್ತದೆ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತದೆ. ಆ್ಯನಿಮೇಷನ್‌ನಲ್ಲಿ ಮುಖ್ಯ ಭಂಗಿಗಳನ್ನು ಮೊದಲು ಬಿಡಿಸಿ ನಡುವಿನವನ್ನು ಆಮೇಲೆ ತುಂಬುವ ಕ್ರಮವೂ ಹೀಗೆಯೇ ಅಲ್ಲವೇ? ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಕಂಪ್ಯೂಟರಿನಲ್ಲಿ ಚೌಕದ ಹಾಳೆಯ ಮೇಲೆ ಒಂದು ಗೋಪುರವನ್ನೋ ತೇರನ್ನೋ ಹೊಲಿಗೆ ಹೊಲಿಗೆಯಾಗಿ ಬೆಳೆಸುವುದು ಕಷ್ಟವಲ್ಲ. ಅದನ್ನು ನೀವೊಬ್ಬರೇ ಮಾಡಿ. ಗೆಳತಿಯರಿಗೆ ಹೊರೆಯಾಗದು, ನಿಮ್ಮ ಆಸೆಯೂ ತೀರುತ್ತದೆ.

ತಂಡದಲ್ಲಿ ಇನ್ನು ವಾದ ಬೇಡ. ಎಸ್ಕಲೇಟರಿನ ದೃಶ್ಯವೊಂದನ್ನೇ ಐದು ಸೆಕೆಂಡು ಮಾಡಿ ತೋರಿಸಿ. 60 ಚಿತ್ರ, ಬಣ್ಣ ತುಂಬದೆ ಬರೀ ಗೆರೆಯಲ್ಲಿ. ಅದಕ್ಕೂ ಮೊದಲು ನಿಜವಾದ ಇಳಕಲ್ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೈಸೂರು ರೇಷ್ಮೆಯನ್ನು ನೋಡಿಕೊಂಡು ಇಳಕಲ್ ಬಿಡಿಸಬೇಡಿ, ಎರಡೂ ಬೀಳುವ ರೀತಿಯೇ ಬೇರೆ. ಮನೆಯಲ್ಲಿ ಇಲ್ಲದಿದ್ದರೆ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ವಿಚಾರಿಸಿ. ಸೀರೆ ಉಟ್ಟು ರೂಢಿಯಿರುವ ಹಿರಿಯರೊಬ್ಬರಿಗೆ ಉಡಿಸಿ, ಮೆಟ್ಟಿಲು ಹತ್ತಿಸಿ, ಮೊಬೈಲಿನಲ್ಲಿ ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರೀಕರಿಸಿಕೊಂಡು, ಫ್ರೇಮು ಫ್ರೇಮಾಗಿ ನಿಲ್ಲಿಸಿ ನೋಡಿ. ಅಜ್ಜಿಯನ್ನೂ ಮೊಮ್ಮಗಳನ್ನೂ ಪೂರ್ತಿ ಕಪ್ಪು ತುಂಬಿ, ಹೊರ ಆಕೃತಿಯಿಂದಲೇ ಇಬ್ಬರ ಗುರುತು ಸಿಗುತ್ತದೆಯೇ ಎಂದು ಪರೀಕ್ಷಿಸುವುದನ್ನೂ ಮರೆಯಬೇಡಿ. ಆ ಐದು ಸೆಕೆಂಡು ನೋಡಿದ ಮೇಲೂ ಗೆಳತಿಯರು ಬೇಡವೆಂದರೆ, ಇದು ಮೂವರ ಚಿತ್ರ, ಒಪ್ಪಿಕೊಳ್ಳಿ. ಆ ತುಣುಕು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಉಳಿಯುತ್ತದೆ. ಚುಚ್ಚಿ ಮಾತಾಡಿದವಳೊಂದಿಗೆ ಮಾತ್ರ ಬೇರೆಯಾಗಿ, ಇಬ್ಬರೇ ಇರುವಾಗ ಮಾತಾಡಿ. ನೋವಾಯಿತು ಎಂದು ನೇರವಾಗಿ ಹೇಳಿ.

ಅಪ್ಪನ ವಿಷಯ. ಆ ಎರಡು ವರ್ಷ ದಂಡವಾಗಲಿಲ್ಲ ಎಂದು ಈ ಚಿತ್ರದ ಮೂಲಕ ಸಾಬೀತು ಮಾಡಲು ಹೊರಟಿದ್ದೀರಿ ಎಂಬ ಸಂಶಯ ನನಗಿದೆ. ಅಷ್ಟೊಂದು ವಿನ್ಯಾಸ ಒಟ್ಟಿಗೆ ಬಂದು ಬಿದ್ದದ್ದು ಅದಕ್ಕೇ ಇರಬೇಕು. ಮೂರು ನಿಮಿಷದ ಚಿತ್ರದ ಮೇಲೆ ಅಷ್ಟು ಭಾರ ಹೊರಿಸಬೇಡಿ. ಅಪ್ಪನಿಗೆ ಹೇಳಲು ಬೇರೆಯದೇ ವಿಷಯ ಇದೆ. ತ್ರೀಡಿ ಪಾತ್ರಗಳಿಗೆ ಉಡುಪು ತೊಡಿಸಲು ಸ್ಟುಡಿಯೊಗಳು ಬಳಸುವ ಮಾರ್ವಲಸ್ ಡಿಸೈನರ್ ಎಂಬ ತಂತ್ರಾಂಶದಲ್ಲಿ ದರ್ಜಿಯ ಕ್ರಮದಲ್ಲೇ ಕೆಲಸ ಶುರುವಾಗುತ್ತದೆ: ಮುಂಭಾಗ, ಹಿಂಭಾಗ, ತೋಳು ಎಂದು ಬಟ್ಟೆಯ ತುಂಡುಗಳನ್ನು ಗುರುತು ಹಾಕಿ, ಅಂಚಿಗೆ ಅಂಚು ಹೊಲಿದು, ಮೈಮೇಲೆ ಇಳಿಬಿಡಬೇಕು. ಕತ್ತರಿ ಹಿಡಿದು ಕಲಿತವರಿಗೆ ಅಲ್ಲಿ ಅನುಕೂಲ ಹೆಚ್ಚು. ಇದನ್ನು ಅಪ್ಪನಿಗೆ ವಿವರಿಸಿ, ಸಾಧ್ಯವಾದರೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಆಮೇಲೂ ಅವರು ಫೀಸಿನ ಮಾತೆತ್ತಿದರೆ ಸುಮ್ಮನೆ ಕೇಳಿಸಿಕೊಳ್ಳಿ. ದುಡಿದು ಕಟ್ಟಿದವರು ಅವರು. ಆ ಸಂಕಟ ಒಂದೇ ಸಲಕ್ಕೆ ಇಳಿಯುವುದಿಲ್ಲ.

ಮುಂದಿನ ಪರಿಶೀಲನೆ ಯಾವಾಗ ಎಂದು ನೀವು ಬರೆದಿಲ್ಲ. ಅದಕ್ಕೂ ಮೊದಲು ಆ ಅರವತ್ತು ಚಿತ್ರಗಳನ್ನು ಮುಗಿಸಿಕೊಳ್ಳಿ.